ಆರು ಗಡಿಯಾರಗಳ ಆಷಾಢ

ಹೋದ ತಿಂಗಳು ರಜೆಗೆ ಬಂದಾಗ ಅಮ್ಮನನ್ನು ಕರೆದುಕೊಂಡು ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದೆ. ಕೌದಳ್ಳಿ ದಾಟಿ ಬಸ್ಸು ಘಾಟಿ ಹತ್ತುವುದಕ್ಕೆ ಶುರು ಮಾಡಿದ ಕೂಡಲೇ ಮುಂದಿನ ಸೀಟಿನ ಹೆಂಗಸು ಸೆರಗಿನ ಗಂಟು ಬಿಚ್ಚಿ ನಿಂಬೆಹಣ್ಣೊಂದನ್ನು ತೆಗೆದು, ಉಗುರಿನಿಂದ ಸಿಪ್ಪೆ ಗೀರಿ ಮೂಗಿಗೆ ಹಿಡಿದುಕೊಂಡಳು. ವಾಸನೆ ಹಿಂದಕ್ಕೆ ಬಂತು. ಅಷ್ಟೇ, ನನಗೆ ಹೊಟ್ಟೆ ತೊಳೆಸಿತು. ವಿಮಾನ ಹಾರಿಸುವವಳಿಗೆ ಬಸ್ಸಿನಲ್ಲಿ ವಾಕರಿಕೆಯೇ ಎಂದು ಅಮ್ಮ ನಕ್ಕಳು. ತಿರುವಿಗಲ್ಲ, ಆ ವಾಸನೆಗೆ ಎಂದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ನನಗೆ ಮಾತ್ರ ಹಾರುವುದನ್ನು ಕಲಿಯುತ್ತಿದ್ದ ವರ್ಷದ ಆಷಾಢ ಇಡಿಯಾಗಿ ಎದ್ದು ಬಂತು. ಅಷ್ಟು ರೇಗಿದ, ಅಷ್ಟು ಸಲ ಸೋತ, ಕಂಡಕಂಡವರ ಮೇಲೆ ಅಷ್ಟು ಹಾರಿಬಿದ್ದ ಕಾಲ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಅಪ್ಪ ಸೀರೆಗಳನ್ನು ಹೊತ್ತು ಮೈಸೂರು, ಬೆಂಗಳೂರಿನ ಅಂಗಡಿಗಳಿಗೆ ತಿರುಗುತ್ತಿದ್ದರು. ನೇಯುವವಳು ಅಮ್ಮ. ನನಗೆ ಮಗ್ಗದ ಮೇಲೆ ಕೂರುವುದನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ, ಅದು ತಾನಾಗಿ ಬಂತು. ಹಾರುವುದು ಹಾಗಲ್ಲ. ಅದನ್ನು ನಾನು ಹಟ ಹಿಡಿದು, ಮನೆಯವರನ್ನೆಲ್ಲ ಗೋಳು ಹುಯ್ದುಕೊಂಡು, ಮಹಾರಾಷ್ಟ್ರದ ಒಂದು ಫ್ಲೈಯಿಂಗ್ ಸ್ಕೂಲಿಗೆ ಸೇರಿ ಕಲಿಯುತ್ತಿದ್ದೆ. ಕಣ್ಣಿಗೆ ನೆಲ ಕಾಣುವವರೆಗೆ ಎಲ್ಲ ಚೆನ್ನಾಗಿತ್ತು. ಏರಿಸು ಎಂದರೆ ಏರಿಸಿದೆ, ಇಳಿಸು ಎಂದರೆ ಇಳಿಸಿದೆ, ಒಬ್ಬಳೇ ಹಾರಿ ಬಂದೆ. ಆಮೇಲೆ ಹುಡ್ ಹಾಕಿಕೊಳ್ಳುವ ಪಾಠ ಬಂತು. ಹುಡ್ ಎಂದರೆ ಹಣೆಗೆ ಕಟ್ಟಿಕೊಳ್ಳುವ ಒಂದು ಪ್ಲಾಸ್ಟಿಕ್ ಮರೆ. ಅದನ್ನು ಹಾಕಿಕೊಂಡರೆ ಹೊರಗಿನ ಆಕಾಶವೂ ಕಾಣುವುದಿಲ್ಲ, ನೆಲವೂ ಕಾಣುವುದಿಲ್ಲ. ಎದುರಿನ ಮೀಟರುಗಳು ಮಾತ್ರ. ಮೋಡದೊಳಗೆ ಸಿಕ್ಕಿಕೊಂಡಾಗ ಮೀಟರು ನೋಡಿಕೊಂಡೇ ಹಾರುವುದು ಬರಬೇಕಲ್ಲ, ಅದಕ್ಕೆ.

ಮಳೆಗಾಲ ಕಾಲಿಡುವ ಮುಂಚಿನ ಪರೀಕ್ಷೆಯಲ್ಲಿ ಸ್ಕೂಲಿನ ಕ್ಯಾಪ್ಟನ್ ಪಕ್ಕದಲ್ಲಿ ಕೂತಿದ್ದರು. ಎತ್ತರದ ಮೀಟರು ಸ್ವಲ್ಪ ಕೆಳಗೆ ಜಾರಿತ್ತು. ಅದನ್ನು ಸರಿಯಾದ ಅಂಕಿಗೆ ತಂದು ನಿಲ್ಲಿಸಬೇಕೆಂದು ನಾನು ಅದನ್ನೇ ನೋಡುತ್ತಾ ಕೂತೆ. ಎಡರೆಕ್ಕೆ ಯಾವಾಗ ಬಗ್ಗಿತೋ ತಿಳಿಯಲಿಲ್ಲ. ಮೈಗೆ ಏನೂ ಅನ್ನಿಸಲಿಲ್ಲ, ಮನೆಯ ಜಗಲಿಯ ಮೇಲೆ ಕೂತಷ್ಟು ನೆಟ್ಟಗೆ ಇದ್ದೇನೆ ಎಂದೇ ನಂಬಿದ್ದೆ. ಎತ್ತರ ಇನ್ನೂ ಕಡಿಮೆಯಾಯಿತೆಂದು ಸ್ಟೇರಿಂಗನ್ನು ನನ್ನ ಕಡೆಗೆ ಇನ್ನೂ ಎಳೆದೆ. ಎಳೆದಷ್ಟೂ ಅದು ಸುತ್ತು ಬಿಗಿಮಾಡಿಕೊಂಡು ಇಳಿಯಿತು. ಕ್ಯಾಪ್ಟನ್ ಒಂದೇ ಮಾತು ಹೇಳಿ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ನನ್ನ ಹುಡ್ ಎತ್ತಿದರು. ಕಿಟಕಿಯ ತುಂಬ ಕಬ್ಬಿನ ಗದ್ದೆ, ಅದೂ ಓರೆಯಾಗಿ.

ಇಳಿದ ಮೇಲೆ ಅವರು ಬೈಯಲಿಲ್ಲ. ನಿನ್ನ ಕಣ್ಣು ಒಂದೇ ಕಡೆ ಅಂಟಿಕೊಳ್ಳುತ್ತದೆ, ಇದು ಹೋಗದಿದ್ದರೆ ಮೋಡದಲ್ಲಿ ನೀನೂ ಸಾಯುತ್ತೀಯ, ಹಿಂದೆ ಕೂತವರನ್ನೂ ಸಾಯಿಸುತ್ತೀಯ ಎಂದರು. ಮಳೆ ಮುಗಿಯುವವರೆಗೆ ಸ್ಕೂಲಿನಲ್ಲಿ ಹಾರಾಟ ಇರುವುದಿಲ್ಲ. ಮನೆಗೆ ಹೋಗಿ ಕಣ್ಣು ಸರಿ ಮಾಡಿಕೊಂಡು ಬಾ, ಇನ್ನೊಂದು ಅವಕಾಶ ಕೊಡುತ್ತೇನೆ, ಅದೂ ಹೋದರೆ ಈ ಪಾಠ ಇಲ್ಲಿಗೆ ನಿಂತಂತೆ ಎಂದು ತಿಳಿಸಿಯೇ ಕಳಿಸಿದರು. ಈ ಪಾಠ ನಿಂತರೆ ಲೈಸೆನ್ಸು ಇಲ್ಲ. ಲೈಸೆನ್ಸು ಇಲ್ಲದಿದ್ದರೆ ಅಷ್ಟು ವರ್ಷದ ಹಟವೆಲ್ಲ ನೀರಿನಲ್ಲಿ ಹೋಮ.

ಊರಿಗೆ ಬಂದರೆ ಆಷಾಢದ ಗಾಳಿ. ನಮ್ಮ ಕಡೆ ಆ ತಿಂಗಳಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ಬಿಳಿಗಿರಿರಂಗನ ಬೆಟ್ಟದ ಮೇಲೆ ಮೋಡ ಕವಿದಿರುತ್ತದೆ, ನಮ್ಮ ತಲೆಯ ಮೇಲೆಯೂ ದಂಡು ದಂಡಾಗಿ ಹಾದುಹೋಗುತ್ತದೆ, ಒಂದು ಹನಿ ಉದುರಿಸುವುದಿಲ್ಲ. ನನ್ನನ್ನು ಓಡಿಸಿದ ಮೋಡ ಇಲ್ಲಿ ಸುಮ್ಮನೆ ಓಡಾಡಿಕೊಂಡಿದೆಯಲ್ಲ ಎಂದು ಅದರ ಮೇಲೂ ಸಿಟ್ಟು ಬರುತ್ತಿತ್ತು. ಬೀದಿಯವರ ಬಾಯಿ ಬೇರೆ. ಮೇಲೆ ಗುಂಡಿಯಿಲ್ಲ, ಹಂಪಿಲ್ಲ, ಎದುರಿಗೆ ಲಾರಿ ಬರುವುದಿಲ್ಲ, ಅದನ್ನು ಓಡಿಸುವುದಕ್ಕೆ ಏನು ಕಷ್ಟ ಎಂದು ಎಲ್ಲರದೂ ಒಂದೇ ಪ್ರಶ್ನೆ. ಮೊದಮೊದಲು ವಿವರಿಸಿದೆ. ಆಮೇಲೆ ಹೌದು, ಏನೂ ಕಷ್ಟವಿಲ್ಲ ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ನನ್ನ ಪುಣ್ಯಕ್ಕೋ ಕರ್ಮಕ್ಕೋ ಶಿವಮಲ್ಲಪ್ಪನವರು ಸಿಕ್ಕಿದರು. ಯಳಂದೂರಿನ ಹತ್ತಿರದ ಹೊನ್ನೂರಿನವರು. ವಾಯುಪಡೆಯಲ್ಲಿ ನೆಲದ ಮೇಲೆಯೇ ಇರುವ ಸಿಮ್ಯುಲೇಟರಿನಲ್ಲಿ ಪೈಲಟುಗಳನ್ನು ಕೂರಿಸಿ ತರಬೇತಿ ಕೊಡುತ್ತಿದ್ದವರು, ನಿವೃತ್ತಿಯಾದ ಮೇಲೆ ಊರಿನಲ್ಲಿ ತೆಂಗು, ಕಬ್ಬು ನೋಡಿಕೊಂಡಿದ್ದರು. ಅವರ ಮಗಳ ಮದುವೆಯ ಧಾರೆ ಸೀರೆ ಅಮ್ಮ ನೇಯ್ದದ್ದು. ಹಾಗೆ ಪರಿಚಯ. ಅಪ್ಪ ಹೋಗಿ ವಿಷಯ ಹೇಳಿದಾಗ, ಕಳಿಸಿ ನೋಡೋಣ ಎಂದರಂತೆ. ಅವರ ಮನೆಯ ಪಡಸಾಲೆಯಲ್ಲಿ ಒಂದು ಕಡೆ ತೆಂಗಿನಕಾಯಿ ರಾಶಿ, ಇನ್ನೊಂದು ಕಡೆ ಕಂಪ್ಯೂಟರು, ಅದಕ್ಕೆ ಸಿಗಿಸಿದ ವಿಮಾನದ ಸ್ಟೇರಿಂಗು, ಕೆಳಗೆ ಕಾಲಿಗೆ ಎರಡು ಪೆಡಲು. ರೂಢಿ ಬಿಟ್ಟುಹೋಗಬಾರದೆಂದು ತಮಗಾಗಿ ಜೋಡಿಸಿಕೊಂಡದ್ದು. ತೆರೆಯ ಮೇಲೆ ಆರು ಮೀಟರು: ವೇಗಕ್ಕೆ, ಎತ್ತರಕ್ಕೆ, ದಿಕ್ಕಿಗೆ, ತಿರುವಿಗೆ, ಏರಿಳಿತಕ್ಕೆ ಒಂದೊಂದು, ನಡುವೆ ಅರ್ಧ ನೀಲಿ ಅರ್ಧ ಕಂದು ಬಣ್ಣದ್ದೊಂದು. ನೀಲಿ ಆಕಾಶ, ಕಂದು ನೆಲ. ಮೋಡದೊಳಗೆ ಅದೇ ನಮ್ಮ ಆಕಾಶ, ಅದೇ ನಮ್ಮ ನೆಲ. ನಾನು ಇವನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಅಮ್ಮ, ಆರು ಗಡಿಯಾರ ಯಾಕೆ, ಒಂದು ಸಾಲದೇ ಎಂದಿದ್ದಳು. ಅಲ್ಲಿಂದ ಮನೆಯಲ್ಲೂ ಹೊನ್ನೂರಿನಲ್ಲೂ ಅವುಗಳ ಹೆಸರು ಗಡಿಯಾರ ಎಂದೇ ಆಯಿತು.

ಪಾಠ ಕೇಳುವುದಕ್ಕೆ ಸುಲಭ. ನಡುವಿನ ಮೀಟರು ನೋಡಬೇಕು, ಅಲ್ಲಿಂದ ವೇಗಕ್ಕೆ ಹೋಗಬೇಕು, ಮತ್ತೆ ನಡುವಿಗೆ ಬರಬೇಕು, ಎತ್ತರಕ್ಕೆ ಹೋಗಬೇಕು, ಮತ್ತೆ ನಡುವಿಗೆ, ದಿಕ್ಕಿಗೆ, ಮತ್ತೆ ನಡುವಿಗೆ. ಯಾವುದರ ಮೇಲೂ ಕಣ್ಣು ಕೂರಬಾರದು. ಏನಾದರೂ ತಪ್ಪಿದ್ದರೆ ಕೈ ಒಂದಿಷ್ಟು ಒತ್ತಿ, ಅದು ಸರಿಯಾಗುವುದನ್ನು ಕಾಯದೆ ಮುಂದಕ್ಕೆ ಹೋಗಬೇಕು. ಇನ್ನೊಂದು ಸುತ್ತು ಬಂದಾಗ ಸರಿಯಾಗಿದೆಯೇ ಎಂದು ನೋಡಿದರೆ ಸಾಕು. ಶಿವಮಲ್ಲಪ್ಪನವರು ತೆಂಗಿನ ಗರಿಯ ಕಡ್ಡಿಯಿಂದ ಮೇಜು ತಟ್ಟುತ್ತಾ ತಾಳ ಹಾಕುತ್ತಿದ್ದರು. ನಡು, ವೇಗ, ನಡು, ಎತ್ತರ, ನಡು, ದಿಕ್ಕು. ನಾಲ್ಕು ತಾಳ ಸರಿಯಾಗಿ ಹೋಗುತ್ತಿತ್ತು. ಅಷ್ಟರಲ್ಲಿ ಯಾವುದಾದರೊಂದು ಮುಳ್ಳು ಕೂದಲೆಳೆಯಷ್ಟು ಆಚೆ ನಿಂತದ್ದು ಕಾಣುತ್ತಿತ್ತು. ಮುಗಿಯಿತು. ಅದನ್ನು ಅಲ್ಲಿಯೇ ಹಿಡಿದು, ತಿದ್ದಿ, ಸರಿಯಾಯಿತು ಎಂದು ಕಣ್ಣಾರೆ ಕಂಡ ಮೇಲೆಯೇ ನನಗೆ ಉಸಿರು. ಅಷ್ಟು ಹೊತ್ತಿಗೆ ಉಳಿದ ಐದೂ ಎತ್ತಲೋ ಹೋಗಿರುತ್ತಿದ್ದವು. ಸಾಲದ್ದಕ್ಕೆ ಕೈ ಅಲ್ಲಾಡಿದಾಗಲೆಲ್ಲ ಕಾಲೂ ಪೆಡಲು ತುಳಿಯುತ್ತಿತ್ತು, ಬೇಡವೆಂದರೂ.

ಅವರು ಎಲೆಅಡಿಕೆ ಹಾಕುವವರು. ನನ್ನ ಕಣ್ಣು ಒಂದು ಕಡೆ ನಿಂತಿತು ಎಂದು ಗೊತ್ತಾದ ಕೂಡಲೇ ತಟ್ಟೆಯಿಂದ ಒಂದು ವೀಳ್ಯದೆಲೆ ತೆಗೆದು, ಚೊಂಬಿನ ನೀರಿನಲ್ಲಿ ಅದ್ದಿ, ಆ ಮೀಟರಿನ ಮೇಲೆ ಪಟ್ಟನೆ ಅಂಟಿಸಿಬಿಡುತ್ತಿದ್ದರು. ಅದು ಇಲ್ಲದೆಯೇ ಹಾರಿಸು ಎನ್ನುತ್ತಿದ್ದರು. ದಿನದ ಪಾಠ ಮುಗಿಯುವಾಗ ತೆರೆಯ ಮೇಲೆ ಎರಡು ಮೂರು ಎಲೆ ಅಂಟಿಕೊಂಡು ಸಂತೆಯ ಎಲೆ ಬುಟ್ಟಿಯ ಹಾಗೆ ಕಾಣುತ್ತಿತ್ತು. ಮೊದಲ ಸಲ ನಗು ಬಂತು. ವಾರ ಕಳೆಯುವಷ್ಟರಲ್ಲಿ ವೀಳ್ಯದೆಲೆ ಕಂಡರೆ ಮೈ ಉರಿಯುತ್ತಿತ್ತು. ಒಂದು ದಿನ ತಾಳಲಾರದೆ ನಾನೇ ಎಲೆ ಕಿತ್ತು ನೆಲಕ್ಕೆ ಎಸೆದೆ. ಅವರು ಅದನ್ನು ಎತ್ತಿಕೊಂಡು, ಒರೆಸಿ, ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡು, ಶುರು ಮಾಡು ಎಂದರು.

ಇದರ ಜೊತೆಗೆ ಕರೆಂಟು. ಹೊನ್ನೂರಿನಲ್ಲಿ ಕರೆಂಟು ಇರುವುದು ಅದರ ಇಷ್ಟಕ್ಕೆ. ಅಂತೂ ಇಂತೂ ಎಲ್ಲ ಮುಳ್ಳುಗಳೂ ಮಾತು ಕೇಳುತ್ತಿವೆ, ಇವತ್ತು ಇಳಿಸಿಯೇಬಿಡುತ್ತೇನೆ ಎಂದುಕೊಳ್ಳುವಾಗ ತೆರೆ ಕಪ್ಪಾಗುತ್ತಿತ್ತು. ಆಗ ಅವರು ಕಣ್ಣು ಮುಚ್ಚಿಕೊಂಡು ಒಂದು ಸುತ್ತು ಹೇಳು ಎನ್ನುತ್ತಿದ್ದರು. ನಾನು ನನ್ನ ಹಣೆಬರಹ ಬೈದುಕೊಂಡು ಎದ್ದುಹೋಗಿ ತೋಟದ ಬದುವಿನ ಮೇಲೆ ನಿಲ್ಲುತ್ತಿದ್ದೆ. ವಾಪಸು ಯಳಂದೂರಿಗೆ ಹೋಗುವ ಆಟೋದವನು, ಏನು ಪೈಲಟ್ ಮೇಡಂ, ಇವತ್ತು ಎಲ್ಲಿಯವರೆಗೆ ಹೋಗಿದ್ದಿರಿ ಎಂದು ದಿನಾ ಕೇಳುತ್ತಿದ್ದ. ಎಲ್ಲಿಗೂ ಹೋಗಿಲ್ಲ ಎಂದು ದಿನಾ ಹೇಳುತ್ತಿದ್ದೆ, ಅದು ನಿಜವೂ ಆಗಿತ್ತು.

ಒಂದು ದಿನ ಅವರು, ನಾಳೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ನಿಂತಿರು, ಮಾದಪ್ಪನ ಬೆಟ್ಟಕ್ಕೆ ಹೋಗೋಣ ಎಂದರು. ಹರಕೆ ಏನಾದರೂ ಇರಬೇಕು ಎಂದುಕೊಂಡೆ. ಹನೂರು ದಾಟುವವರೆಗೆ ತೆಂಗಿನ ಕಪ್ಪುಹುಳದ ಕಾಟದ ಬಗ್ಗೆ ಮಾತಾಡಿದರು. ಕೌದಳ್ಳಿ ಕಳೆದ ಮೇಲೆ ಹೆಗಲ ಮೇಲಿನ ಟವೆಲು ತೆಗೆದು ನನ್ನ ಕಣ್ಣಿಗೆ ಕಟ್ಟಿದರು. ಬಸ್ಸು ಎಡಕ್ಕೆ ತಿರುಗಿದರೆ ಎಡಗೈ ಎತ್ತಬೇಕು, ಬಲಕ್ಕಾದರೆ ಬಲಗೈ, ನೆಟ್ಟಗೆ ಹೋಗುತ್ತಿದ್ದರೆ ಎರಡೂ ತೊಡೆಯ ಮೇಲೆ. ನಡುನಡುವೆ ತಲೆ ಬಗ್ಗಿಸು, ಈಗ ಎತ್ತು ಎನ್ನುತ್ತಿದ್ದರು. ದೊಡ್ಡ ತಿರುವುಗಳು ಸಿಕ್ಕವು. ಸಣ್ಣ ತಿರುವುಗಳು ತಿರುವು ಎಂದೇ ಅನ್ನಿಸಲಿಲ್ಲ. ತಿರುವು ಮುಗಿದು ಬಸ್ಸು ನೆಟ್ಟಗಾದಾಗ ಮೈ ಆಚೆ ಕಡೆಗೆ ಸುತ್ತುತ್ತಿದೆ ಎಂದು ಕೈ ಎತ್ತುತ್ತಿದ್ದೆ. ತಿರುವಿನ ನಡುವೆ ತಲೆ ಎತ್ತು ಎಂದಾಗಲಂತೂ ಬಸ್ಸೇ ಪಲ್ಟಿ ಹೊಡೆಯಿತು ಎನ್ನಿಸಿ ಕಂಬಿ ಹಿಡಿದು ಚೀರಿದೆ.

ಬೆಟ್ಟಕ್ಕೆ ಹೊರಟ ಭಕ್ತಾದಿಗಳಿಗೆ ಬೇರೆ ಇನ್ನೇನು ಬೇಕು. ಕಣ್ಣು ಕಟ್ಟಿಕೊಂಡು ಕೈ ಎತ್ತಿ ಇಳಿಸಿ ಮಾಡುವ ಹುಡುಗಿಗೆ ಗಾಳಿ ಸೋಕಿದೆ ಎಂದು ಅವರವರೇ ತೀರ್ಮಾನ ಮಾಡಿದರು. ಒಬ್ಬಜ್ಜಿ ಬಂದು ಹಣೆಗೆ ವಿಭೂತಿ ಬಳಿದಳು, ನಿಂಬೆಹಣ್ಣು ಗೀರಿ ಮೂಗಿಗೆ ಒತ್ತಿದಳು, ಮಾದಪ್ಪನ ತಾವ ಬಂದ ಮೇಲೆ ಎಲ್ಲಾ ಬುಟ್ಟೋಯ್ತದೆ ಕಣ್ಮಗ ಎಂದು ಬೆನ್ನು ಸವರಿದಳು. ಕಂಡಕ್ಟರು ಪ್ಲಾಸ್ಟಿಕ್ ಕವರು ತಂದು ಕೈಗಿಟ್ಟ. ಅವಮಾನಕ್ಕೋ ತಿರುವಿಗೋ ನಾನು ಆ ಕವರನ್ನು ಬಳಸಿಯೂ ಬಳಸಿದೆ. ಟವೆಲು ಬಿಚ್ಚಿದ ಮೇಲೆ ಶಿವಮಲ್ಲಪ್ಪನವರು ಮೆಲ್ಲಗೆ ಹೇಳಿದರು.

"ಮೈ ಸುಳ್ಳೇಳ್ತದೆ ಕಣವ್ವ. ನಿಂದು ಮಾತ್ರ ಅಲ್ಲ, ನಂದೂ ಏಳ್ತದೆ, ಅದ್ಕೇ ಗಡಿಯಾರ ಮಡಗಿರದು. ನಂಬದಾದ್ರೆ ಎಲ್ಲಾನೂ ನಂಬು. ಒಂದ್ನೇ ನಂಬ್ಕಂಡು ಕುಂತ್ಕಬ್ಯಾಡ."

ಗೊತ್ತು ಎಂದು ಕಿರುಚಿದೆ. ಗೊತ್ತಿದ್ದೂ ಬರುತ್ತಿಲ್ಲವಲ್ಲ, ಅದೇ ನನ್ನ ಸಂಕಟ. ಗೊತ್ತಿಲ್ಲದವಳಾಗಿದ್ದರೆ ಎಷ್ಟೋ ವಾಸಿಯಿತ್ತು. ದೇವರ ಮುಂದೆ ನಿಂತಾಗಲೂ ನಾನು ಏನೂ ಬೇಡಿಕೊಳ್ಳಲಿಲ್ಲ, ಅಷ್ಟು ಕೋಪವಿತ್ತು.

ಇಷ್ಟೂ ಮಧ್ಯಾಹ್ನದ ಕತೆ. ಬೆಳಗಿನ ಹೊತ್ತು ನಾನು ಮಗ್ಗದ ಮೇಲಿರುತ್ತಿದ್ದೆ. ಆ ವರ್ಷ ಅಮ್ಮನ ಬಲಭುಜ ಹಿಡಿದುಕೊಂಡಿತ್ತು, ತಲೆ ಬಾಚಿಕೊಳ್ಳುವುದಕ್ಕೂ ತೋಳು ಏಳುತ್ತಿರಲಿಲ್ಲ. ಆಷಾಢದಲ್ಲಿ ಮದುವೆಯಿಲ್ಲ ನಿಜ, ಆದರೆ ಶ್ರಾವಣ ಬಂದ ಕೂಡಲೇ ವರಮಹಾಲಕ್ಷ್ಮಿ, ಅದರ ಬೆನ್ನಿಗೆ ಮದುವೆಗಳು. ಆ ಸೀರೆಗಳೆಲ್ಲ ಆಷಾಢದಲ್ಲೇ ನೇಯಬೇಕು. ಮಗ್ಗದ ಮೇಲೆ ಒಂದು ಧಾರೆ ಸೀರೆ ಅರ್ಧಕ್ಕೆ ನಿಂತಿತ್ತು. ನಾನು ಬಂದ ಮರುದಿನ ಬೆಳಿಗ್ಗೆ ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತೆ. ಯಾರೂ ಕೂರು ಎಂದಿರಲಿಲ್ಲ. ದಿನದಲ್ಲಿ ಅದೊಂದೇ ಹೊತ್ತು ನನಗೆ ಕೆಲಸ ಬರುತ್ತದೆ ಎಂದು ಅನ್ನಿಸುತ್ತಿದ್ದದ್ದು. ಲಾಳಿ ಆಚೆ ಹೋಗಿ ಈಚೆ ಬರುತ್ತಿತ್ತು, ಕಾಲು ತನ್ನ ಪಾಡಿಗೆ ಮಗ್ಗದ ಪೆಡಲು ತುಳಿಯುತ್ತಿತ್ತು. ಉದ್ದಕ್ಕೆ ಬಿಗಿದ ಹಾಸಿನಲ್ಲಿ ಎಲ್ಲೋ ಒಂದು ಎಳೆ ಕಿತ್ತರೆ ನೂರಾರು ಎಳೆಯ ನಡುವೆಯೂ ಕಣ್ಣು ಹೋಗಿ ಅದರ ಮೇಲೆಯೇ ಬೀಳುತ್ತಿತ್ತು. ಕೈಕಾಲು ಅಲ್ಲಿಗೇ ನಿಲ್ಲುತ್ತಿದ್ದವು. ಎಳೆಯ ಎರಡು ತುದಿ ಹುಡುಕಿ, ಬೆರಳಿನಲ್ಲಿ ಹೊಸೆದು ಕಟ್ಟಿ, ಎಳೆದು ನೋಡಿ, ಆಮೇಲೆ ಲಾಳಿ. ಅಮ್ಮ ನನಗೆ ಹೊಡೆದು ಕಲಿಸಿದ್ದು ಏನಾದರೂ ಇದ್ದರೆ ಅದು ಇದೊಂದೇ. ಕಿತ್ತ ಎಳೆ ಕಟ್ಟದೆ ಮುಂದೆ ಹೋಗಬಾರದು.

ಆಷಾಢ ಮುಗಿಯುತ್ತ ಬಂದಾಗ ಶಿವಮಲ್ಲಪ್ಪನವರು ಯಾವುದೋ ಕೆಲಸಕ್ಕೆ ಕೊಳ್ಳೇಗಾಲಕ್ಕೆ ಬಂದವರು ಮನೆಗೂ ಬಂದರು. ಅಮ್ಮ ಕಾಫಿ ಕೊಟ್ಟಳು. ಅವರು ಲೋಟ ಹಿಡಿದುಕೊಂಡು ನಾನು ನೇಯುವುದನ್ನು ನೋಡುತ್ತಾ ನಿಂತರು. ಚೆನ್ನಾಗಿ ನೇಯುತ್ತೀಯ ಎನ್ನುತ್ತಾರೇನೋ ಎಂದು ನಾನೂ ಒಂದಿಷ್ಟು ಬಿಂಕದಿಂದಲೇ ನೇಯ್ದೆ. ಒಂದು ಎಳೆ ಕಿತ್ತಿತು. ನಿಲ್ಲಿಸಿದೆ, ಕಟ್ಟಿದೆ, ಮುಂದೆ ಹೋದೆ. ಇನ್ನೊಂದು ಕಿತ್ತಿತು. ನಿಲ್ಲಿಸಿದೆ. ಅವರು ಕಾಫಿ ಕುಡಿಯುವುದನ್ನೇ ಮರೆತಿದ್ದರು.

"ಇದಾ ನೀ ಮಾಡ್ತಿರದು," ಎಂದರು. "ಎಳೆ ಕಿತ್ತೋದ್ರೆ ಎಲ್ಲಾನೂ ನಿಲ್ಸಿ ಅದ್ರ ಮುಂದೆ ಕುಂತ್ಕತೀಯ. ಅಲ್ಲೂ ಅದ್ನೇ ಮಾಡ್ತಾ ಇದ್ದೀಯ ಕಣವ್ವ. ಇಮಾನ ನಿಲ್ಲಕಿಲ್ಲ. ನಾನು ಮಧ್ಯಾನ ಬುಡ್ಸದ್ನ ನೀನು ಬೆಳಿಗ್ಗೆ ಕಲೀತಾ ಕುಂತಿದ್ದೀಯ."

ಅಮ್ಮನ ಮುಖ ಬಿಗಿಯಿತು. ಬಂದವರ ಎದುರಿಗೆ ಅವಳು ಎಂದೂ ದನಿ ಏರಿಸಿದವಳಲ್ಲ, ಆಗಲೂ ಏರಿಸಲಿಲ್ಲ.

"ಕಿತ್ತೋದ್ ಎಳೆ ಬುಟ್ಟು ಮುಂದಕ್ಕೋಗದ್ನ ನಮ್ಮನೇಲಿ ಕಲ್ಸಕಿಲ್ಲ ಸಾ."

"ಅದು ತಪ್ಪು ಅನ್ನಲಿಲ್ಲ ಕಣವ್ವ. ಮಗ್ಗಕ್ಕೆ ಅದೇ ಸರಿ," ಎಂದರು ಅವರು. ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿ, ಪರೀಕ್ಷೆ ಆಗುವ ತನಕ ಮಗ್ಗಕ್ಕೆ ಕೂರಬೇಡ, ಕೂರುವುದಾದರೆ ಹೊನ್ನೂರಿಗೆ ಬರಬೇಡ, ಎರಡರಲ್ಲಿ ಯಾವುದು ಎಂದು ನೀನೇ ನೋಡಿಕೋ ಎಂದು ಹೇಳಿ ಹೊರಟುಹೋದರು.

ನನಗೆ ಪಿತ್ತ ನೆತ್ತಿಗೇರಿತು. ಇವರಿಗೆ ಏನು ಗೊತ್ತು ಮಗ್ಗದ ವಿಷಯ? ಅಮ್ಮನ ಭುಜ ನೋಡಿದ್ದಾರಾ? ತಮಗೆ ಕಲಿಸಲು ಬರದಿದ್ದಕ್ಕೆ ನಮ್ಮ ಕಸುಬಿನ ಮೇಲೆ ಗೂಬೆ ಕೂರಿಸುತ್ತಾರೆ! ಮರುದಿನ ಬೆಳಿಗ್ಗೆ ಹಟಕ್ಕೆ ಬಿದ್ದು ಎರಡರಷ್ಟು ನೇಯ್ದೆ. ಮಧ್ಯಾಹ್ನ ಅಷ್ಟೇ ಹಟದಿಂದ ಹೊನ್ನೂರಿಗೆ ಹೋಗಿ, ಅವರು ಬಾ ಎನ್ನುವ ಮೊದಲೇ ಕಂಪ್ಯೂಟರಿನ ಮುಂದೆ ಕೂತೆ. ಬೆಳಿಗ್ಗೆ ಏನು ಮಾಡಿದೆ ಎಂದು ಅವರು ಕೇಳಲಿಲ್ಲ. ಕಡ್ಡಿಯ ತಾಳ ಶುರುವಾಯಿತು. ನಡು, ವೇಗ, ನಡು, ಎತ್ತರ. ಎತ್ತರದ ಮುಳ್ಳು ಸ್ವಲ್ಪ ಜಾರಿತ್ತು. ಆಗ, ಮೊಟ್ಟಮೊದಲ ಸಲ, ನನ್ನನ್ನು ನಾನೇ ಕಂಡೆ. ಎರಡು ಕಾಲೂ ಪೆಡಲು ಬಿಟ್ಟು ಮೇಲೆದ್ದಿದ್ದವು. ಕತ್ತು ಮುಂದಕ್ಕೆ ಚಾಚಿತ್ತು. ಎಡಗೈ ಸ್ಟೇರಿಂಗು ಬಿಟ್ಟು, ಹೆಬ್ಬೆರಳು ತೋರುಬೆರಳು ಸೇರಿ, ತೆರೆಯ ಕಡೆ ಹೋಗುತ್ತಿತ್ತು. ಕಿತ್ತ ಎಳೆಯನ್ನು ಹಿಡಿದುಕೊಳ್ಳುವುದಕ್ಕೆ.

ಹಾಳಾಗಿಹೋಗಲಿ ಎಂದೆ. ಜೋರಾಗಿಯೇ ಎಂದೆ. ಶಿವಮಲ್ಲಪ್ಪನವರು ಎಲೆ ಅಂಟಿಸಲಿಲ್ಲ, ತಾಳವನ್ನೂ ನಿಲ್ಲಿಸಿದರು. ಅವರ ಮಾತು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಸೋತದ್ದು ಪೆದ್ದುತನದಿಂದ ಎಂದರೂ ತಡೆದುಕೊಳ್ಳುತ್ತಿದ್ದೆ. ನನಗೆ ಬರುವ ಒಂದೇ ಒಂದು ಕೆಲಸ ಚೆನ್ನಾಗಿ ಬರುತ್ತಿರುವುದರಿಂದಲೇ ಸೋಲುತ್ತಿದ್ದೇನೆ ಎಂದರೆ ಯಾರನ್ನು ಬೈಯುವುದು?

ಅಮ್ಮನಿಗೆ ಹೇಳುವುದಕ್ಕೆ ಎರಡು ದಿನ ಹಿಡಿಯಿತು. ಅವಳು ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಾಗ ಹೇಳಿದೆ. ಸೀರೆ ಇನ್ನೂ ಮುಗಿದಿರಲಿಲ್ಲ, ಸೆರಗು ಪೂರ್ತಿ ಬಾಕಿಯಿತ್ತು. ಬೇರೆ ಯಾರನ್ನಾದರೂ ನೇಯುವುದಕ್ಕೆ ಕರೆಯೋಣ ಎಂದರೆ ಆ ಹೊತ್ತಿನಲ್ಲಿ ಪ್ರತಿ ಮನೆಯ ಮಗ್ಗವೂ ಸದ್ದು ಮಾಡುತ್ತಿತ್ತು, ಯಾರ ಕೈ ಬಿಡುವಿದೆ? ಭುಜ ಈ ಸ್ಥಿತಿಯಲ್ಲಿ ಇರುವಾಗ ಬಿಟ್ಟು ಏಳುತ್ತಿದ್ದೇನೆ ಎಂದು ಹೇಳುವಾಗ ನಾನೂ ಒಂದು ಹಿಡಿ ತೆಗೆದುಕೊಂಡು ಬಿಡಿಸುತ್ತಿದ್ದೆ.

"ಬಲತೋಳು ನೋಯ್ತದೆ, ಎಡತೋಳು ಅದೆಯಲ್ಲ," ಎಂದಳು ಅಮ್ಮ. "ನೀನು ಓಗು."

ಅವಳು ಮುನಿಸಿಕೊಂಡಿದ್ದರೆ ಜಗಳವಾಡಬಹುದಿತ್ತು. ಮುನಿಸಿಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮಗ್ಗದ ಸದ್ದು ಕೇಳುತ್ತಿತ್ತು. ಸದಾ ಕೇಳಿದ ಸದ್ದಲ್ಲ. ಒಂದು ಏಟು ಬಿದ್ದು, ಇನ್ನೊಂದು ಬೀಳುವುದಕ್ಕೆ ತಡವಾಗುತ್ತಿತ್ತು. ಆ ತಡದಲ್ಲಿ ಅವಳು ತೋಳು ನೀವಿಕೊಳ್ಳುತ್ತಿದ್ದಾಳೆ ಎಂದು ಗೋಡೆಯ ಈಚೆಯಿಂದಲೂ ಗೊತ್ತಾಗುತ್ತಿತ್ತು. ನಾನು ಹಾಳೆಯ ಮೇಲೆ ಬರೆದ ಆರು ಗಡಿಯಾರ ಗೋಡೆಗೆ ಅಂಟಿಸಿಕೊಂಡು, ಕಣ್ಣು ಓಡಿಸುತ್ತ ಕೂರುತ್ತಿದ್ದೆ. ಹೋಗಿ ಅವಳನ್ನು ಎಬ್ಬಿಸಿ ನಾನೇ ಕೂತುಬಿಡೋಣ ಎಂದು ದಿನಕ್ಕೆ ಎಷ್ಟು ಸಲ ಅನ್ನಿಸಿತೋ. ಅನ್ನಿಸಿದಾಗಲೆಲ್ಲ ಕಣ್ಣು ಒಂದೇ ಗಡಿಯಾರದ ಮೇಲೆ ನಿಂತಿರುತ್ತಿತ್ತು. ಮತ್ತೆ ಮೊದಲಿನಿಂದ.

ಮಗ್ಗ ಬಿಟ್ಟ ಕೂಡಲೇ ಎಲ್ಲ ಸರಿಹೋಯಿತು ಎಂದು ಯಾರಾದರೂ ಅಂದುಕೊಂಡರೆ ಅದೂ ಇಲ್ಲ. ಶ್ರಾವಣ ಬಂತು, ಧಾರೆ ಸೀರೆ ಹೇಗೋ ಮುಗಿದು ಹೋಯಿತು, ಅಮ್ಮನ ಭುಜಕ್ಕೆ ಎಣ್ಣೆ, ಶಾಖ, ಮಾತ್ರೆ ಎಲ್ಲ ನಡೆಯಿತು. ನಾನು ಇನ್ನೂ ಬೀಳುತ್ತಲೇ ಇದ್ದೆ, ಬೀಳುವುದು ಸ್ವಲ್ಪ ತಡವಾಗುತ್ತಿತ್ತು ಅಷ್ಟೇ. ತಪ್ಪನ್ನು ಕಂಡೂ ಬಿಟ್ಟುಹೋಗುವುದು ನನಗೆ ಹೊಲಸು ಕೆಲಸ ಮಾಡಿದಂತೆ ಅನ್ನಿಸುತ್ತಿತ್ತು. ಮುಳ್ಳು ಅಲ್ಲಿ ಓರೆಯಾಗಿ ನಿಂತಿದೆ, ನೋಡಿದ್ದೇನೆ, ಒಂದಿಷ್ಟು ಒತ್ತಿ ಮುಖ ತಿರುಗಿಸಿಕೊಂಡು ಹೋಗಬೇಕು. ಎದೆಯಲ್ಲಿ ಏನೋ ಕೆರೆಯುತ್ತಿತ್ತು. ಹೋದೆ. ಸುತ್ತಿ ಬಂದಾಗ ಅದು ಸರಿಯಾಗಿರುತ್ತಿತ್ತು, ಇಲ್ಲದಿದ್ದರೆ ಇನ್ನೊಂದಿಷ್ಟು ಒತ್ತಬೇಕು, ಮತ್ತೆ ಹೋಗಬೇಕು. ಭಾದ್ರಪದದ ಹೊತ್ತಿಗೆ ಕೆರೆಯುವುದು ಕಡಿಮೆಯಾಯಿತು. ಒಂದು ದಿನ ಪಾಠ ಮುಗಿದು ಎದ್ದಾಗ ತೆರೆಯ ಮೇಲೆ ಒಂದೂ ಎಲೆ ಇರಲಿಲ್ಲ. ಶಿವಮಲ್ಲಪ್ಪನವರು ಎರಡು ಎಳನೀರು ಕೆಡವಿಸಿದರು.

ಮಳೆ ನಿಂತು ಸ್ಕೂಲು ಶುರುವಾಯಿತು. ಪರೀಕ್ಷೆಗೆ ಅದೇ ಕ್ಯಾಪ್ಟನ್. ಹುಡ್ ಹಾಕಿಸಿ ಆ ದಿಕ್ಕು ಈ ದಿಕ್ಕು ಓಡಿಸಿದರು, ಏರಿಸಿ ಇಳಿಸಿದರು. ಕೊನೆಗೆ ಕಣ್ಣು ಮುಚ್ಚು, ತಲೆ ಬಗ್ಗಿಸು ಎಂದು ವಿಮಾನವನ್ನು ಹೇಗೆಂದರೆ ಹಾಗೆ ತಿರುಚಾಡಿ, ಈಗ ತಗೋ ಎಂದರು. ತಲೆ ಎತ್ತಿದೆ. ಬಲಕ್ಕೆ ಬೀಳುತ್ತಿದ್ದೇವೆ ಎಂದು ಮೈಯೆಲ್ಲ ಕೂಗಿತು. ನಡುವಿನ ಮೀಟರು ಎಡಕ್ಕೆ ಎಂದಿತು. ತಿರುವಿನ ಮೀಟರೂ ಎಡಕ್ಕೆ ಎಂದಿತು, ದಿಕ್ಕೂ ಎಡಕ್ಕೇ ಓಡುತ್ತಿತ್ತು, ವೇಗ ಏರುತ್ತಿತ್ತು. ಮೈ ಏನಾದರೂ ಹೇಳಿಕೊಳ್ಳಲಿ ಎಂದು ಬಿಟ್ಟು ಎಂಜಿನ್ ತಗ್ಗಿಸಿದೆ, ರೆಕ್ಕೆ ಸಮ ಮಾಡಿದೆ, ಆಮೇಲೆ ಮೂತಿ ಎತ್ತಿದೆ. ಎತ್ತರ ಹೋಗಿದ್ದಷ್ಟು ಹೋಗಿತ್ತು, ಅದರ ಮುಂದೆ ಕೂರಲಿಲ್ಲ. ಸಾಕು, ವಾಪಸು ಹೋಗೋಣ ಎಂದರು ಕ್ಯಾಪ್ಟನ್. ಪರೀಕ್ಷೆ ಮತ್ತೆ ಹೋಯಿತು ಎಂದೇ ತಿಳಿದುಕೊಂಡೆ. ಇಳಿದು ಸೀಟ್ ಬೆಲ್ಟು ಬಿಚ್ಚುವಾಗ ಅವರು, ಕಣ್ಣು ಈಗ ಓಡಾಡುತ್ತಿದೆ, ಪಾಸು ಎಂದರು. ಅಮ್ಮನಿಗೆ ಫೋನು ಮಾಡಿದೆ. ಆಯ್ತಾ, ಒಳ್ಳೇದಾಯ್ತು, ಊಟ ಮಾಡ್ದಾ ಎಂದಳು.

ದೀಪಾವಳಿಗೆ ಊರಿಗೆ ಬಂದೆ. ಭುಜ ಮುಕ್ಕಾಲು ಪಾಲು ವಾಸಿಯಾಗಿತ್ತು. ಮಗ್ಗದ ಮೇಲೆ ಕಾರ್ತಿಕದ ಮದುವೆಗೆಂದು ಕುಂಕುಮ ಬಣ್ಣದ ಸೀರೆ ಏರಿತ್ತು. ಆಷಾಢದಲ್ಲಿ ಅರ್ಧಕ್ಕೆ ಎದ್ದುಹೋದದ್ದು ನನ್ನನ್ನು ಇನ್ನೂ ಸುಡುತ್ತಿತ್ತು. ಈ ಸೀರೆಯನ್ನಾದರೂ ಅಮ್ಮನ ಕೈಗೆ ಕೊಡದೆ ಪೂರ್ತಿ ನಾನೇ ನೇಯ್ದುಕೊಡುತ್ತೇನೆ ಎಂದು ಸ್ಕೂಲಿನಿಂದ ಹೊರಡುವಾಗಲೇ ನಿಶ್ಚಯ ಮಾಡಿಕೊಂಡಿದ್ದೆ. ಅವಳು ಅಡುಗೆಮನೆಯಲ್ಲಿದ್ದಾಗ ಹೋಗಿ ಕೂತೆ. ಕೈಕಾಲು ಒಂದನ್ನೂ ಮರೆತಿರಲಿಲ್ಲ. ಲಾಳಿ ಸಲೀಸಾಗಿ ಓಡಿತು, ಬೆಳಿಗ್ಗೆ ಕಳೆಯುವಷ್ಟರಲ್ಲಿ ಮೊಳದ ಹತ್ತಿರ ಬಂದಿತ್ತು. ನನಗೇ ಖುಷಿಯಾಯಿತು.

ಅಮ್ಮ ಕೈ ಒರೆಸಿಕೊಂಡು ಬಂದು, ಯಾವಾಗಲೂ ಮಾಡುವ ಹಾಗೆ ಬಟ್ಟೆಯ ಕೆಳಗೆ ಅಂಗೈ ಆಡಿಸಿದಳು. ಅಂಗೈ ಒಂದು ಕಡೆ ನಿಂತಿತು. ಅಲ್ಲಿಂದ ನನ್ನ ಕಡೆಗೆ ಸಣ್ಣ ಗೆರೆಯೊಂದು ಓಡಿ ಬಂದಿತ್ತು, ಬೆಳಕಿಗೆ ಹಿಡಿದರೆ ಕಾಣುವಂಥದ್ದು.

"ಎಳೆ ಕಿತ್ತಿದ್ದು ಕಾಣ್ಲಿಲ್ವಾ?"

ಕಂಡಿತ್ತು. ಅದು ಕಿತ್ತ ಕೂಡಲೇ ನಾನು ಕಂಡಿದ್ದೆ. ಕಂಡು, ಸರಿ, ನೋಡಿದೆ ಎಂದುಕೊಂಡು ಅಂಚಿನ ಕಡೆ ಹೋಗಿದ್ದೆ, ಅಲ್ಲಿಂದ ಜರಿಯ ಕಡೆ, ಅಲ್ಲಿಂದ ಲಾಳಿಯ ಕಡೆ. ಸುತ್ತಿ ಬಂದು ಮತ್ತೆ ನೋಡಿದ್ದೆ. ಇನ್ನೂ ಹಾಗೇ ಇದೆ ಎಂದುಕೊಂಡು ಮತ್ತೆ ಮುಂದಕ್ಕೆ ಹೋಗಿದ್ದೆ. ಬೆಳಿಗ್ಗೆಯಿಂದ ಅದನ್ನು ಎಷ್ಟು ಸಲ ನೋಡಿದ್ದೆನೋ, ಒಂದು ಸಲವೂ ಕೈ ನಿಂತಿರಲಿಲ್ಲ. ಎದೆಯಲ್ಲಿ ಏನೂ ಕೆರೆದಿರಲಿಲ್ಲ.

"ಕಂಡಿತ್ತಮ್ಮ," ಎಂದೆ. "ಆಮೇಲೆ ಬಂದು ಕಟ್ಟೋಣ ಅಂತ..."

ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎದುರುತ್ತರ ಕೊಟ್ಟು, ಅತ್ತು, ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವಳು ನನ್ನ ಕೈಯಿಂದ ಲಾಳಿ ತೆಗೆದುಕೊಂಡಳು.

"ನಿನ್ ಕಣ್ಣು ಇನ್ನು ನಿಲ್ಲಕಿಲ್ಲ ಕಣವ್ವ. ಏಳು."

ಎದ್ದೆ. ಅವಳು ಗುಂಡಿಯಲ್ಲಿ ಕಾಲಿಳಿಸಿ ಕೂತು, ನಾನು ನೇಯ್ದದ್ದನ್ನು ಒಂದೊಂದೇ ಎಳೆಯಾಗಿ ಹಿಂದಕ್ಕೆ ಬಿಚ್ಚತೊಡಗಿದಳು. ಭುಜ ಇನ್ನೂ ಪೂರ್ತಿ ಏಳುತ್ತಿರಲಿಲ್ಲ. ಬಿಚ್ಚುವುದನ್ನಾದರೂ ನಾನು ಮಾಡುತ್ತೇನೆ, ಅಷ್ಟು ಬಿಡಮ್ಮ ಎಂದು ಬೇಡಿಕೊಂಡೆ.

"ಬ್ಯಾಡ. ಬಿಚ್ಚಕ್ಕೂ ಕಣ್ಣು ನಿಲ್ಬೇಕು," ಎಂದಳು, ತಲೆ ಎತ್ತದೆ. "ನೀನು ಓಗಿ ಅನ್ನಕ್ಕಿಡು."

ಹೋಗಿ ಅನ್ನಕ್ಕಿಟ್ಟೆ. ಆ ಮಗ್ಗದ ಮೇಲೆ ನಾನು ಮತ್ತೆ ಕೂತಿಲ್ಲ.